ಜಂತೆ ಎಣಿಸದ ನಕ್ಷೆಗಳು

ನಿದ್ದೆ ಬಾರದವನು ಮಲಗಿದಲ್ಲೇ ಜಂತೆ ಎಣಿಸುತ್ತಾನೆ ಎಂಬ ಮಾತು ಹಿರಿಯರ ಬಾಯಲ್ಲಿ ಇನ್ನೂ ಉಳಿದಿದೆ. ಮಾತು ಉಳಿದಿದೆ, ಎಣಿಸಲು ಜಂತೆಗಳು ಉಳಿದಿಲ್ಲ. ಮಲೆನಾಡಿನ ಊರುಗಳಲ್ಲಿ ಇಂದು ಏಳುತ್ತಿರುವ ಮನೆಗಳಲ್ಲಿ ಅಂಗಾತ ಮಲಗಿದವನಿಗೆ ಕಾಣುವುದು ಸುಣ್ಣ ಬಳಿದ ಕಾಂಕ್ರೀಟಿನ ಒಂದೇ ಹಾಳೆ. ಅದರೊಳಗೆ ಎಷ್ಟು ಕಬ್ಬಿಣವಿದೆ, ಎಷ್ಟು ನದಿಯ ಮರಳಿದೆ, ಯಾವ ಗುಡ್ಡವನ್ನು ಒಡೆದ ಜಲ್ಲಿಯಿದೆ ಎಂಬುದು ಮನೆಯ ಯಜಮಾನನಿಗೂ ತಿಳಿಯದು. ವಿಚಿತ್ರವೆಂದರೆ, ಮರದ ಮಹಡಿಯನ್ನೇ ಬಯಸಿ ಕಟ್ಟಿಸುವ ಕೆಲವೇ ಮನೆಗಳ ನಕ್ಷೆಯಲ್ಲಿಯೂ ಈಗ ಜಂತೆ ಕಾಣುವುದಿಲ್ಲ.

ಪಾಲಿಟೆಕ್ನಿಕ್‌ಗಳಲ್ಲಿ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ಮಲೆನಾಡಿನ ಮಕ್ಕಳು ಈಗ ಮನೆಯ ನಕ್ಷೆಯನ್ನು ಕಾಗದದ ಮೇಲೆ ಮಾತ್ರ ಬರೆಯುವುದಿಲ್ಲ. ಗಣಕಯಂತ್ರದಲ್ಲಿ ಮನೆಯ ಮೂರು ಆಯಾಮದ ಮಾದರಿಯನ್ನೇ ಕಟ್ಟುತ್ತಾರೆ. ಗೋಡೆ, ಬಾಗಿಲು, ಹೆಂಚು, ಅಂಗಳದ ತುಳಸಿಕಟ್ಟೆ ಎಲ್ಲವೂ ಅದರಲ್ಲಿ ಅಚ್ಚುಕಟ್ಟಾಗಿ ಬಂದಿರುತ್ತವೆ. ಮಹಡಿ ಮಾತ್ರ ಐದಾರು ಅಂಗುಲ ದಪ್ಪದ ಒಂದು ಹಲಗೆಯಾಗಿ, ಯಾವ ಆಧಾರವೂ ಇಲ್ಲದಂತೆ ಗೋಡೆಗಳ ನಡುವೆ ತೇಲುತ್ತಿರುತ್ತದೆ. ಅದಕ್ಕೆ ಮರದ ಬಣ್ಣ ಹಚ್ಚಿದರೆ ಮರದ ಮಹಡಿ, ಬೂದು ಬಣ್ಣ ಹಚ್ಚಿದರೆ ಕಾಂಕ್ರೀಟು. ಇದು ಕೇವಲ ನಕ್ಷೆಗಾರರ ಸೋಮಾರಿತನದ ಪ್ರಶ್ನೆಯಾಗಿದ್ದರೆ ಪರಿಸರದ ಪತ್ರಿಕೆಯಲ್ಲಿ ಅದಕ್ಕೆ ಜಾಗ ಬೇಕಿರಲಿಲ್ಲ. ಎಣಿಸದ ಮರ ಯಾವ ಕಾಡಿನಿಂದ ಬಂತೆಂದು ಯಾರೂ ಕೇಳುವುದಿಲ್ಲ. ಕಾಡಿಗೂ ಈ ನಕ್ಷೆಗೂ ಇರುವ ನಂಟು ಅದೇ.

ಹಳೆಯ ಮನೆಗಳ ಅಟ್ಟವನ್ನು ಒಮ್ಮೆ ಕೆಳಗಿನಿಂದ ನೋಡಬೇಕು. ಗೋಡೆಯಿಂದ ಗೋಡೆಗೆ, ಇಲ್ಲವೇ ಕಂಬದ ಬೋದಿಗೆಯ ಮೇಲೆ ದಪ್ಪ ತೊಲೆ. ತೊಲೆಯ ಮೇಲೆ ಅಡ್ಡಲಾಗಿ ಒತ್ತೊತ್ತಾಗಿ ಜಂತೆ. ಜಂತೆಯ ಮೇಲೆ ಹಲಗೆ. ಬಡವರ ಮನೆಯಾದರೆ ಹಲಗೆಯ ಬದಲು ಅಡಿಕೆ ದಬ್ಬೆ ಅಥವಾ ಬಿದಿರು, ಅದರ ಮೇಲೆ ಮಣ್ಣಿನ ಮುಚ್ಚಿಗೆ. ಪ್ರತಿಯೊಂದು ತುಂಡಿಗೂ ಒಂದು ಕೆಲಸವಿತ್ತು, ಪ್ರತಿಯೊಂದು ಕೆಲಸಕ್ಕೂ ಒಂದು ಜಾತಿಯ ಮರವಿತ್ತು. ಒಲೆಯ ಮೇಲಿನ ಅಟ್ಟದ ಮರ ವರ್ಷಗಟ್ಟಲೆ ಹೊಗೆ ಕುಡಿದು ಕಪ್ಪಾಗಿ, ಹುಳ ಹತ್ತದೆ ಗಟ್ಟಿಯಾಗಿ ಉಳಿಯುತ್ತಿತ್ತು. ಆಚಾರಿಯ ತಲೆಯಲ್ಲಿ ಇಡೀ ಅಟ್ಟ ಬಿಡಿಬಿಡಿಯಾಗಿ, ಎಣಿಕೆಗೆ ಸಿಗುವಂತೆ ಇರುತ್ತಿತ್ತು. ಗಣಕದ ಮಾದರಿಯಲ್ಲಿ ಮಹಡಿಯ ಚೌಕಟ್ಟನ್ನು ಕ್ರಮವಾಗಿ ಜೋಡಿಸುವುದೆಂದರೆ ಆಚಾರಿಯ ತಲೆಯಲ್ಲಿದ್ದುದನ್ನು ಪರದೆಯ ಮೇಲೆ ತರುವುದು, ಅಷ್ಟೆ.

ಒಂದು ಸಣ್ಣ ಲೆಕ್ಕವನ್ನು ನೋಡಬಹುದು. 10 ಅಡಿ ಅಗಲ, 15 ಅಡಿ ಉದ್ದದ ಒಂದು ಕೋಣೆ. ಜಂತೆಗಳ ನಡುವಿನ ಅಂತರ 2 ಅಡಿ ಮೀರಬಾರದು ಎಂದಿಟ್ಟುಕೊಂಡರೆ, 10 ಅಡಿಯ ಕಡೆಗೆ ಜಂತೆ ಹಾಕಲು 7 ಜಂತೆ ಬೇಕು. ಎರಡೂ ತುದಿಗೆ ಗೋಡೆಯ ಮೇಲೆ ಆರಾರು ಅಂಗುಲ ಕೂರಬೇಕಾದ್ದರಿಂದ ಒಂದೊಂದರ ಉದ್ದ 11 ಅಡಿ. 3 ಅಂಗುಲ ಅಗಲ, 6 ಅಂಗುಲ ಎತ್ತರದ ಜಂತೆಯಾದರೆ ಒಟ್ಟು ಸುಮಾರು 9.6 ಘನ ಅಡಿ ಮರ. ಇದೇ ಕೋಣೆಗೆ 15 ಅಡಿಯ ಕಡೆಗೆ ಜಂತೆ ಹಾಕಿದರೆ 4 ಜಂತೆ ಸಾಕು. ಸಂಖ್ಯೆ ಕಡಿಮೆಯಾಯಿತೆಂದು ಹಿಗ್ಗುವವರುಂಟು. ಆದರೆ ಉದ್ದ ಒಂದೂವರೆ ಪಟ್ಟಾದಾಗ ಅಷ್ಟೇ ಗಟ್ಟಿತನ ಬೇಕೆಂದರೆ ಎತ್ತರವೂ ಒಂದೂವರೆ ಪಟ್ಟಾಗಬೇಕು, ಅಂದರೆ 9 ಅಂಗುಲ. 16 ಅಡಿ ಉದ್ದದ ಅಂಥ 4 ಜಂತೆಗೆ 12 ಘನ ಅಡಿ ಮರ ಬೇಕು. ಕಾಲು ಭಾಗದಷ್ಟು ಹೆಚ್ಚು. ಅದಕ್ಕಿಂತ ಮುಖ್ಯವಾದುದು, 11 ಅಡಿಯ ನೇರ ತುಂಡು ಹಿತ್ತಿಲ ಹಲಸಿನಲ್ಲಿ ಸಿಕ್ಕೀತು. 16 ಅಡಿ ಉದ್ದದ, 9 ಅಂಗುಲ ಎತ್ತರದ ನೇರ ನಾಟಾ ಬೇಕೆಂದರೆ ಕಾಡಿನ ಹಳೆಯ ಮರದ ಕಡೆಗೇ ಕಣ್ಣು ಹೋಗುತ್ತದೆ. ಜಂತೆಯ ದಿಕ್ಕನ್ನು ಬದಲಿಸುವ ಒಂದು ನಿರ್ಧಾರ ಒಂದು ಮರದ ವಯಸ್ಸನ್ನು ನಿರ್ಧರಿಸುತ್ತದೆ. ಮಹಡಿಯನ್ನು ಒಂದೇ ಹಲಗೆಯಾಗಿ ಬರೆದ ಮಾದರಿಯಲ್ಲಿ ಈ ನಿರ್ಧಾರವನ್ನು ತೆಗೆದುಕೊಳ್ಳುವ ಪ್ರಸಂಗವೇ ಬರುವುದಿಲ್ಲ. ಮರ ಬಂದು ಅಂಗಳದಲ್ಲಿ ಬಿದ್ದ ಮೇಲೆ ಯಾರೋ ತೆಗೆದುಕೊಳ್ಳುತ್ತಾರೆ.

ಜಂತೆಯನ್ನು ನಿಲ್ಲಿಸಿ ಇಡಬೇಕೇ, ಮಲಗಿಸಿ ಇಡಬೇಕೇ ಎಂಬುದೂ ಇದೇ ಬಗೆಯದು. 3 ಅಂಗುಲ, 6 ಅಂಗುಲದ ಅದೇ ತುಂಡನ್ನು ಮಲಗಿಸಿಟ್ಟರೆ ಹೊರುವ ಶಕ್ತಿ ಅರ್ಧಕ್ಕಿಳಿಯುತ್ತದೆ, ಬಾಗುವಿಕೆ ನಾಲ್ಕು ಪಟ್ಟಾಗುತ್ತದೆ. ಆಚಾರಿಗಳಿಗೆ ಇದು ಸೂತ್ರವಿಲ್ಲದೆಯೇ ಗೊತ್ತು. ಸೂತ್ರ ಬಾಯಿಪಾಠ ಮಾಡಿದವರಿಗೆ ಕೆಲವೊಮ್ಮೆ ಗೊತ್ತಿರುವುದಿಲ್ಲ.

ಇನ್ನು ಮೆಟ್ಟಿಲಿನ ಮಾತು. ಮೇಲಿನ ಕೋಣೆಗೇ 3 ಅಡಿ ಅಗಲ, 9 ಅಡಿ ಉದ್ದದ ಮೆಟ್ಟಿಲ ಬಾಯಿ ಬಿಡಬೇಕೆನ್ನಿ. ಅದರ ಉದ್ದ ಜಂತೆಗೆ ಸಮನಾಗಿದ್ದರೆ ಒಂದೋ ಎರಡೋ ಜಂತೆ ಕತ್ತರಿಸಿದರೆ ಮುಗಿಯಿತು. ಅಡ್ಡಲಾಗಿದ್ದರೆ ಏಳರಲ್ಲಿ ನಾಲ್ಕೈದು ಜಂತೆಗಳಿಗೆ ಗರಗಸ ಬೀಳುತ್ತದೆ. ಕತ್ತರಿಸಿದ ತುದಿಗಳನ್ನು ಹೊರಲು ದಪ್ಪ ಅಡ್ಡತೊಲೆ, ಆ ಅಡ್ಡತೊಲೆಯನ್ನು ಹೊರಲು ಎರಡು ಪಕ್ಕಕ್ಕೂ ಜೋಡಿ ಜಂತೆ, ಕೆಲವೊಮ್ಮೆ ಕೆಳಗೊಂದು ಹೊಸ ಕಂಬ. ಮೆಟ್ಟಿಲನ್ನು ಎಲ್ಲಿಗೆ ಬೇಕಾದರೂ ಎಳೆದಿಡುವುದು ಪರದೆಯ ಮೇಲೆ ಒಂದು ಕ್ಷಣದ ಕೆಲಸ. ಹಾಗೆ ಎಳೆದಾಗ ಅಡ್ಡ ಬಂದ ಜಂತೆಗಳು ಕಣ್ಣಿಗೆ ಬೀಳುವಂತಿದ್ದರೆ ವಿದ್ಯಾರ್ಥಿಯ ಕೈ ತಾನಾಗಿ ತಡೆಯುತ್ತದೆ.

ಹಾಗಾದರೆ ಮಾದರಿಯಲ್ಲಿ ಇವನ್ನು ಹೇಗೆ ಜೋಡಿಸಬೇಕು? ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ ಸ್ಕೆಚ್‌ಅಪ್ ತಂತ್ರಾಂಶವನ್ನೇ ತೆಗೆದುಕೊಳ್ಳಬಹುದು. 2000ದಲ್ಲಿ ಹೊರಬಂದು, 2006ರಲ್ಲಿ ಗೂಗಲ್ ಕಂಪೆನಿಯ ಕೈಸೇರಿ, 2012ರಿಂದ ಟ್ರಿಂಬಲ್ ಕಂಪೆನಿಯಲ್ಲಿರುವ ತಂತ್ರಾಂಶವಿದು. ಅದರಲ್ಲಿ ಬಿಡಿಯಾಗಿ ಬರೆದ ಆಕಾರಗಳು ಒಂದಕ್ಕೊಂದು ತಗುಲಿದರೆ ಅಂಟಿಕೊಂಡು ಬಿಡುತ್ತವೆ. ಜಂತೆಯನ್ನು ಎಳೆದರೆ ಗೋಡೆಯೂ ಜೊತೆಗೆ ಬರುತ್ತದೆ. ಆದ್ದರಿಂದ ಒಂದು ಜಂತೆ ಬರೆದೊಡನೆ ಅದನ್ನು ‘ಕಾಂಪೊನೆಂಟ್’ ಆಗಿ ಕಟ್ಟಿ ಹೆಸರಿಡಬೇಕು. ಅದರ ನಕಲುಗಳನ್ನೇ ಸಾಲಾಗಿ ಇಡಬೇಕು. ಆಗ ಒಂದು ಜಂತೆಯ ಎತ್ತರವನ್ನು 6 ಅಂಗುಲದಿಂದ 7 ಅಂಗುಲಕ್ಕೆ ತಿದ್ದಿದರೆ ಏಳೂ ಒಟ್ಟಿಗೆ ತಿದ್ದಿಕೊಳ್ಳುತ್ತವೆ. ಮೆಟ್ಟಿಲ ಬಳಿ ಮೊಟಕಾಗುವ ಜಂತೆಯನ್ನು ಮಾತ್ರ ಬೇರೆಯಾಗಿಸಿ ಬೇರೆ ಹೆಸರು ಕೊಡಬೇಕು. ಒಂದು ಮಹಡಿಯ ತೊಲೆಗಳೆಲ್ಲ ಒಂದು ಕಟ್ಟು, ಜಂತೆಗಳೆಲ್ಲ ಒಂದು ಕಟ್ಟು, ಹಲಗೆಗಳದ್ದು ಇನ್ನೊಂದು. ಈ ಮೂರೂ ಸೇರಿ ‘ಮೊದಲ ಮಹಡಿ’ ಎಂಬ ದೊಡ್ಡ ಕಟ್ಟು. ಹುಲ್ಲುಹೊರೆಯನ್ನು ಕಂತೆ ಕಟ್ಟಿ, ಕಂತೆಗಳನ್ನು ಬಣವೆ ಒಟ್ಟಿದಂತೆ. ಬಣವೆಯಿಂದ ಒಂದು ಕಂತೆ ಎಳೆದರೆ ಉಳಿದದ್ದು ಚೆದುರುವುದಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಬಹಳವಾಗಿ ಎಡವುವ ಒಂದು ಜಾಗವಿದೆ. ಹಿಂದೆ ‘ಲೇಯರ್’ ಎನ್ನುತ್ತಿದ್ದ, 2020ರಿಂದ ‘ಟ್ಯಾಗ್’ ಎಂದು ಹೆಸರು ಬದಲಿಸಿಕೊಂಡ ಸೌಲಭ್ಯ ವಸ್ತುಗಳನ್ನು ತೋರಿಸುವುದಕ್ಕೆ, ಅಡಗಿಸುವುದಕ್ಕೆ ಮಾತ್ರ ಇರುವುದು. ಅದು ವಸ್ತುಗಳನ್ನು ಒಂದರಿಂದೊಂದು ಬೇರ್ಪಡಿಸುವುದಿಲ್ಲ. ಬಿಡಿಗೆರೆಗಳಿಗೆ ನೇರವಾಗಿ ಲೇಯರ್ ಹಚ್ಚಿ ಕುಳಿತರೆ, ಅಡಗಿದ ಗೆರೆಗಳು ಕಾಣುವ ಗೆರೆಗಳ ಜೊತೆ ಅಂಟಿಕೊಂಡು, ಮಾದರಿ ಕೊನೆಗೆ ಗೋಜಲಾಗುತ್ತದೆ. ಮೊದಲು ಕಟ್ಟು, ಆಮೇಲೆ ಕಟ್ಟಿಗೆ ಟ್ಯಾಗ್. ಹಲಗೆಯನ್ನು ಅಡಗಿಸಿದರೆ ಜಂತೆ ಕಾಣಬೇಕು, ಜಂತೆಯನ್ನು ಅಡಗಿಸಿದರೆ ತೊಲೆ ಕಾಣಬೇಕು, ತೊಲೆಯ ಕೆಳಗೆ ಅದನ್ನು ಹೊರುವ ಗೋಡೆಯೋ ಕಂಬವೋ ಇದೆಯೇ ಎಂಬುದು ಕಾಣಬೇಕು. ರೆವಿಟ್‌ನಂತಹ ದೊಡ್ಡ ತಂತ್ರಾಂಶದಲ್ಲಿಯೂ ‘ಫ್ಲೋರ್’ ಎಂದೊಡನೆ ಮಹಡಿ ಒಂದೇ ಹಾಸಾಗಿ ಬಂದು ಕೂರುತ್ತದೆ; ತೊಲೆ–ಜಂತೆಗಳನ್ನು ಅಂತರ ಹೇಳಿ ಸಾಲಾಗಿ ಜೋಡಿಸುವ ‘ಬೀಮ್ ಸಿಸ್ಟಮ್’ ಬೇರೆಯೇ ಇದೆ. ಉಪಕರಣ ಇಲ್ಲವೆಂದಲ್ಲ. ಕೇಳುವವರಿಲ್ಲ, ಕಲಿಸುವವರು ಕಡಿಮೆ.

ಕಲಿಸುವ ಪಾಠಗಳೂ ಹೆಚ್ಚಿನವು ಅಮೆರಿಕದವು. ಅಲ್ಲಿನ ಮನೆಗಳು ಬಹುಪಾಲು ಮರದ ಚೌಕಟ್ಟಿನವು. ಪೈನ್, ಸ್ಪ್ರೂಸ್‌ನಂತಹ ಮೆದು ಮರವನ್ನು ಗೊತ್ತಾದ ಅಳತೆಗೆ ಕೊಯ್ದು, ಗುಣಮಟ್ಟದ ಮುದ್ರೆಯೊತ್ತಿ ಮಾರುತ್ತಾರೆ. 16 ಅಂಗುಲಕ್ಕೊಂದರಂತೆ ಜಂತೆ ಇಡುವುದು ಅಲ್ಲಿನ ವಾಡಿಕೆ. ಅಲ್ಲಿ ‘2×10’ ಎಂದು ಕರೆಯುವ ತುಂಡಿನ ನಿಜವಾದ ಅಳತೆ ಒಂದೂವರೆ ಅಂಗುಲಕ್ಕೆ ಒಂಬತ್ತೂಕಾಲು ಅಂಗುಲ. ಇದನ್ನರಿಯದೆ ಅಲ್ಲಿನ ಸಿದ್ಧ ಜಂತೆಗಳನ್ನು ತಂದು ತೀರ್ಥಹಳ್ಳಿಯ ಮನೆಗೆ ಜೋಡಿಸಿದರೆ ಲೆಕ್ಕ ಎಲ್ಲಿಗೂ ಹೊಂದುವುದಿಲ್ಲ. ಇಲ್ಲಿನ ಸಾಮಿಲ್ಲಿನಲ್ಲಿ ಮರ ಹೇಳಿದ ಅಳತೆಗೆ ಕೊಯ್ದುಕೊಳ್ಳುತ್ತದೆ. ಉದ್ದವನ್ನು ಮಾತ್ರ ನಾಟಾ ಹೇಳುತ್ತದೆ, ಮನುಷ್ಯ ಕೇಳಬೇಕು. ಮತ್ತಿ, ನಂದಿ, ಹೊನ್ನೆ, ಹಲಸು ಇವುಗಳ ಗಟ್ಟಿತನ ಒಂದೇ ತೆರನಲ್ಲ. ಕಟ್ಟಡಗಳಲ್ಲಿ ಮರದ ಬಳಕೆಗೆ ಭಾರತೀಯ ಮಾನಕ ಐ.ಎಸ್. 883 ಇದೆ. ವಾಸದ ಕೋಣೆಯ ಮಹಡಿ ಪ್ರತಿ ಚದರ ಮೀಟರಿಗೆ ಸುಮಾರು 200 ಕಿಲೋ ಹೊರೆ ತಡೆಯಬೇಕೆಂದು ಐ.ಎಸ್. 875 ಹೇಳುತ್ತದೆ. ಅಡಿಕೆ, ಭತ್ತ ತುಂಬುವ ಅಟ್ಟಕ್ಕೆ ಇದು ಸಾಲದು: 60 ಕಿಲೋದ ಮೂರು ಚೀಲಗಳನ್ನು ಅರ್ಧ ಚದರ ಮೀಟರಿನಲ್ಲಿ ಒಂದರ ಮೇಲೊಂದು ಪೇರಿಸಿದರೆ ಆ ಮಿತಿ ಅಲ್ಲಿಗೇ ದಾಟಿತು. ಮೇಲೆ ಕೊಟ್ಟ ಅಳತೆಗಳನ್ನೂ ಹೋಲಿಕೆಗಾಗಿ ಓದಬೇಕೇ ಹೊರತು ಅದನ್ನೇ ಆಚಾರಿಗೆ ಒಪ್ಪಿಸಬಾರದು.

ಕಾಂಕ್ರೀಟಿನ ಪಕ್ಷದವರು ಇಲ್ಲಿ ಒಂದು ಮಾತು ಹೇಳುತ್ತಾರೆ: ಇಷ್ಟೆಲ್ಲ ತಲೆನೋವು ಏಕೆ, ತಾರಸಿ ಹಾಕಿದರೆ ಕಾಡು ಉಳಿಯಲಿಲ್ಲವೇ? ಮೇಲ್ನೋಟಕ್ಕೆ ಸರಿಯೆನಿಸುವ ಈ ವಾದವನ್ನು ಸರ್ಕಾರವೂ ಬಹುಕಾಲ ನಂಬಿತ್ತು. ಕೇಂದ್ರ ಲೋಕೋಪಯೋಗಿ ಇಲಾಖೆ 1993ರಲ್ಲಿ ತನ್ನ ಕಟ್ಟಡಗಳಲ್ಲಿ ಮರದ ಬಳಕೆಯನ್ನೇ ನಿಷೇಧಿಸಿ, 2020ರಲ್ಲಿ ಆ ನಿಷೇಧವನ್ನು ತೆಗೆಯಿತು. ಆ ಇಪ್ಪತ್ತೇಳು ವರ್ಷಗಳಲ್ಲಿ ಮರದ ಜಾಗಕ್ಕೆ ಬಂದದ್ದು ಸಿಮೆಂಟು, ಉಕ್ಕು, ಅಲ್ಯೂಮಿನಿಯಂ. ಮೇಲೆ ಹೇಳಿದ ಕೋಣೆಗೇ 5 ಅಂಗುಲದ ತಾರಸಿ ಹಾಕಿದರೆ 62 ಘನ ಅಡಿಗೂ ಹೆಚ್ಚು ಕಾಂಕ್ರೀಟು ಬೇಕು. ಅದರ ತೂಕ ನಾಲ್ಕು ಟನ್ನು ಮೀರುತ್ತದೆ. ಜಂತೆ ಮತ್ತು ಒಂದು ಅಂಗುಲದ ಹಲಗೆ ಸೇರಿ ಮರದ ಮಹಡಿ ಅರ್ಧ ಟನ್ನಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಅಜ್ಜನ ಕಾಲದ ಮಣ್ಣಿನ ಗೋಡೆಯ ಮೇಲೆ ಆ ನಾಲ್ಕು ಟನ್ನನ್ನು ಹೇರುವಂತಿಲ್ಲವಾದ್ದರಿಂದ ಗೋಡೆಯೂ ಬೀಳುತ್ತದೆ, ಪಿಲ್ಲರು ಬರುತ್ತದೆ, ಪಿಲ್ಲರಿಗಾಗಿ ಧರೆ ಕಡಿದು ಸಮತಟ್ಟು ಮಾಡುವ ಯಂತ್ರ ಬರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನು ಕಂಡ ಮೇಲೆಯೂ ಇಳಿಜಾರನ್ನು ಕಡಿದು ಭಾರ ಹೇರುವುದರ ಬಗ್ಗೆ ಎಚ್ಚರ ಬೇಡವೇ? ನದಿಯ ಮರಳು, ಗುಡ್ಡದ ಜಲ್ಲಿ ಯಾವುದೂ ಮತ್ತೆ ಚಿಗುರುವುದಿಲ್ಲ. ಹಲಸು ಚಿಗುರುತ್ತದೆ.

ಹಾಗೆಂದು ಮರವೆಲ್ಲ ಪುಣ್ಯ, ಸಿಮೆಂಟೆಲ್ಲ ಪಾಪ ಎಂದು ಸಾರುವುದೂ ಪ್ರಾಮಾಣಿಕವಲ್ಲ. ವರ್ಷಕ್ಕೆ 7000 ಮಿ.ಮೀ. ದಾಟುವ ಆಗುಂಬೆಯ ಮಳೆಯಲ್ಲಿ ಗೋಡೆಯೊಳಗೆ ಹುದುಗಿದ ಜಂತೆಯ ತುದಿ ಗಾಳಿಯಿಲ್ಲದೆ ಕೊಳೆಯುತ್ತದೆ. ಗೆದ್ದಲಿಗೆ ನೆಂಟಸ್ತಿಕೆಯ ಹಂಗಿಲ್ಲ. ಮೇಲುಮಹಡಿಯಲ್ಲಿ ಬಚ್ಚಲು ಬೇಕೆನ್ನುವ ಇಂದಿನವರ ಆಸೆ ಮರದ ಮಹಡಿಗೆ ದೊಡ್ಡ ಶತ್ರು. ಇವೆಲ್ಲಕ್ಕೂ ಉತ್ತರ ಮಾದರಿಯಲ್ಲೇ ಹುಡುಕಬೇಕು: ಬಚ್ಚಲನ್ನು ಜಂತೆಯ ಸಾಲಿನಿಂದ ಹೊರಗಿಟ್ಟು, ಅದೊಂದು ಮೂಲೆಗೆ ಮಾತ್ರ ಕಾಂಕ್ರೀಟು, ಕಾಂಕ್ರೀಟಿನಲ್ಲಿಯೂ ಕೆಳಭಾಗದ ಅನಗತ್ಯ ಜಾಗಕ್ಕೆ ಹಳೆಯ ಹೆಂಚು ತುಂಬುವ ಲಾರಿ ಬೇಕರ್ ಅವರ ವಿಧಾನ. 2007ರಲ್ಲಿ ತೀರಿಕೊಂಡ ಬೇಕರ್ ಕೇರಳದಲ್ಲಿ ಇದನ್ನು ನೂರಾರು ಮನೆಗಳಲ್ಲಿ ಮಾಡಿ ತೋರಿಸಿದ್ದರು.

ಆದರೆ ಎಲ್ಲಕ್ಕಿಂತ ದೊಡ್ಡ ಕಾಡು ಇರುವುದು ಹಳೆಯ ಮನೆಗಳ ಅಟ್ಟದಲ್ಲಿ. ಪಾಲಾದ ಕುಟುಂಬಗಳು ಹಳೆಯ ಮನೆಯನ್ನು ಕೆಡವುವಾಗ ಕೆತ್ತನೆಯ ಕಂಬ, ಬಾಗಿಲುಗಳನ್ನು ಪೇಟೆಯ ವ್ಯಾಪಾರಿಗಳು ಕೊಂಡೊಯ್ಯುತ್ತಾರೆ. ಕೆತ್ತನೆಯಿಲ್ಲದ ಜಂತೆಗಳು ಮಳೆಗೆ ಬಿದ್ದು ಹಾಳಾಗುತ್ತವೆ, ಇಲ್ಲವೇ ಬಚ್ಚಲೊಲೆಗೆ ಸೇರುತ್ತವೆ. ಇನ್ನೂ ಎರಡು ತಲೆಮಾರು ಹೊರಬಲ್ಲ ಹಲಸಿನ ಜಂತೆ ಬೂದಿಯಾಗುವ ಹೊತ್ತಿಗೆ, ಅದೇ ಅಂಗಳದಲ್ಲಿ ಹೊಸ ಮನೆಯ ಸೆಂಟ್ರಿಂಗ್‌ಗೆ ಬೇರೆ ಮರ ಬಂದು ಇಳಿದಿರುತ್ತದೆ. ಇದನ್ನು ತಪ್ಪಿಸಲು ಮಾದರಿ ನೆರವಾಗುತ್ತದೆ. ಕೆಡವುವ ಮೊದಲು ಒಂದೊಂದು ತೊಲೆ, ಜಂತೆಗೂ ಅಂಕಿ ಬರೆದು, ಉದ್ದ, ಅಗಲ, ಎತ್ತರ, ಹುಳ ತಿಂದ ಭಾಗ, ಹಳೆಯ ಕಚ್ಚುಗಳನ್ನು ಗುರುತಿಸಿ, ಅದೇ ಅಂಕಿಯ ಹೆಸರಿನಲ್ಲಿ ಗಣಕದೊಳಗೆ ಇಡಬೇಕು. ಆಮೇಲೆ ಹೊಸ ಮನೆಯ ಕೋಣೆಯ ಅಗಲವನ್ನು ಈ ಜಂತೆಗಳ ಉದ್ದಕ್ಕೆ ಹೊಂದಿಸಬೇಕು. ಕೋಣೆಗೆ ತಕ್ಕ ಮರ ಹುಡುಕುವ ಬದಲು, ಇರುವ ಮರಕ್ಕೆ ತಕ್ಕ ಕೋಣೆ. ಅರ್ಧ ಅಡಿ ಕಿರಿದಾದ ಕೋಣೆಯಿಂದ ಯಾರ ಸಂಸಾರವೂ ಕೆಡುವುದಿಲ್ಲ.

ಇದು ಆಗದ ಮಾತೆನ್ನುವವರು ಮಣಿಪಾಲಕ್ಕೆ ಹೋಗಿ ಬರಬಹುದು. ವಿಜಯನಾಥ ಶೆಣೈ ಅವರು ಅಲ್ಲಿ ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಕುಂಜೂರಿನ ಚೌಕಿ ಮನೆಯೇ ಮೊದಲಾಗಿ ಹಲವು ಮನೆಗಳು ಮೂಲದ ಊರಿನಲ್ಲಿ ಬಿಚ್ಚಿಕೊಂಡು ಬಂದು ಮತ್ತೆ ನಿಂತಿವೆ. ಯಾವ ತುಂಡು ಯಾವುದರ ಮೇಲೆ ಕೂರಬೇಕೆಂಬ ಲೆಕ್ಕ ತಪ್ಪದಿದ್ದರೆ ಮಾತ್ರ ಸಾಧ್ಯವಾಗುವ ಕೆಲಸವದು. ವಸ್ತುಸಂಗ್ರಹಾಲಯಕ್ಕೆ ಸಲ್ಲುವ ಶ್ರದ್ಧೆ ವಾಸದ ಮನೆಗೇಕೆ ಸಲ್ಲಬಾರದು?

ಚಳವಳಿಯವರಿಗೂ ಇಲ್ಲೊಂದು ಮಾತು ಸಲ್ಲುತ್ತದೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆಯ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿಕೊಂಡರು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಕಾಡಿನ ಕಡಿತಲೆಗೆ ಕಡಿವಾಣ ಹಾಕಿತು. ಕಾಡಿನ ಅಂಚಿನಲ್ಲಿ ನಿಂತು ಲಾರಿ ಎಣಿಸುವುದನ್ನು ಮಲೆನಾಡು ಚೆನ್ನಾಗಿ ಕಲಿತಿದೆ. ತನ್ನದೇ ಮನೆಯ ಮಾಡಿನ ಕೆಳಗೆ ಎಷ್ಟು ಘನ ಅಡಿ ಮರವಿದೆ, ಹೊಸ ಮನೆಗೆ ಎಷ್ಟು ಬೇಕು, ಅದರಲ್ಲಿ ಎಷ್ಟು ಹಳೆಯದರಿಂದ ದೊರೆಯುತ್ತದೆ ಎಂದು ಕೇಳಿದರೆ ಉತ್ತರಿಸಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಸಾಲ ಕೊಡುವ ಬ್ಯಾಂಕು ನಕ್ಷೆ ಕೇಳುತ್ತದೆ, ಪಂಚಾಯಿತಿ ನಕ್ಷೆ ಕೇಳುತ್ತದೆ. ಮಹಡಿಯ ಮರದ ಪಟ್ಟಿಯನ್ನು ಕೇಳುವ ಪದ್ಧತಿ ಬೆಳೆಯಲಿಲ್ಲ. ಕ್ರಮವಾಗಿ ಕಟ್ಟಿದ ಮಾದರಿಯಿಂದ ಆ ಪಟ್ಟಿಯನ್ನು ತೆಗೆಯಲು ಹೆಚ್ಚು ಹೊತ್ತು ಹಿಡಿಯದು. ಮನೆ ಕಟ್ಟಿಸುವವರು ನಕ್ಷೆಯ ಹಣ ಕೊಡುವ ಮೊದಲು ಅದನ್ನು ಕೇಳಿ ಪಡೆಯಬೇಕು. ಆಚಾರಿಯನ್ನು ಕೂರಿಸಿಕೊಂಡು ಆ ಪಟ್ಟಿಯನ್ನು ಓದಿಸಬೇಕು. ಪರದೆಯ ಮೇಲಿನ ಜಂತೆಯನ್ನು ನೋಡಿ ಆತ ನಕ್ಕರೆ, ಏಕೆ ನಕ್ಕನೆಂದು ವಿಚಾರಿಸಿ ತಿದ್ದಿಕೊಳ್ಳುವಷ್ಟು ವಿನಯ ವಿದ್ಯಾರ್ಥಿಗೆ ಬೇಕು.

ಅಡಿಕೆ ಮಂಡಿಗೆ ಹೋಗಿ ಅಟ್ಟ ಖಾಲಿಯಾಗಿರುವುದು ಏಪ್ರಿಲ್–ಮೇ ತಿಂಗಳಲ್ಲಿ. ಕಾಲೇಜಿನ ಮಕ್ಕಳು ರಜೆಗೆ ಊರಿಗೆ ಬರುವುದೂ ಆಗಲೇ. ಟೇಪಿನ ಒಂದು ತುದಿ ಹಿಡಿಯಲು ಅಜ್ಜ, ಇನ್ನೊಂದು ತುದಿಗೆ ಮೊಮ್ಮಗಳು, ಅಂಕಿ ಬರೆಯಲು ಒಂದು ಸೀಮೆಸುಣ್ಣದ ತುಂಡು. ಮಳೆ ಹಿಡಿಯುವ ಮೊದಲು ಒಂದು ಮನೆಯ ಅಟ್ಟವಾದರೂ ಗಣಕಕ್ಕೆ ಬಂದರೆ, ಮುಂದಿನ ಬೇಸಿಗೆಗೆ ಮನೆ ಬಿಚ್ಚಬೇಕೆಂದಿರುವ ನೆರೆಯವರಿಗೆ ತೋರಿಸಲು ಒಂದು ಮಾದರಿ ಇರುತ್ತದೆ.